ಬಾರು ಜಗ್ಗಿದವಳು

ಪಾರ್ವತಿಬಾಯಿಗೆ ಅರವತ್ತನೆಯ ವಯಸ್ಸಿನಲ್ಲಿ ಕೆಲಸ ಹೋಯಿತು. ಕಿತ್ತುಕೊಂಡವನು ಬೇರೆ ಯಾರೂ ಅಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಮಗ ಚೇತನಕುಮಾರ. ಅದೂ ತಾಯಿಯ ಮೇಲಿನ ಪ್ರೀತಿಯಿಂದ. ಪ್ರೀತಿಯಿಂದ ಮಾಡಿದ ಅನ್ಯಾಯಕ್ಕೆ ಯಾರ ಹತ್ತಿರ ಹೋಗಿ ದೂರು ಕೊಡಬೇಕು?

ಸುರಪುರದ ರಂಗಂಪೇಟೆಯಲ್ಲಿ ಖರಾದಿ ಪಂಪಣ್ಣನ ಮನೆ ಯಾರನ್ನು ಕೇಳಿದರೂ ತೋರಿಸುತ್ತಾರೆ. ಖರಾದ ಎಂದರೆ ಕಟ್ಟಿಗೆಯನ್ನು ಗರಗರ ತಿರುಗಿಸಿ, ಅದಕ್ಕೆ ಉಳಿ ಹಿಡಿದು ದುಂಡಗೆ ಮಾಡುವ ಸಾಧನ. ತೊಟ್ಟಿಲ ಕಂಬಿ, ಮಂಚದ ಕಾಲು, ಲಟ್ಟಣಿಗೆ ಎಲ್ಲ ಅದರಲ್ಲಿ ಆಗುತ್ತವೆ. ಹಳೆಯ ಖರಾದಕ್ಕೆ ಕರೆಂಟು ಬೇಕಿರಲಿಲ್ಲ, ಹೆಂಡತಿ ಬೇಕಿತ್ತು. ಕಟ್ಟಿಗೆ ಕೂರಿಸಿದ ಅಚ್ಚಿಗೆ ಚರ್ಮದ ಬಾರು ಸುತ್ತಿ, ಎರಡೂ ತುದಿಗಳನ್ನು ಅವಳ ಕೈಗೆ ಕೊಡುತ್ತಿದ್ದರು. ಅವಳು ಎದುರಿಗೆ ಕುಳಿತು ಬಲಗೈ, ಎಡಗೈ, ಬಲಗೈ, ಎಡಗೈ ಎಂದು ಜಗ್ಗಬೇಕು. ಕಟ್ಟಿಗೆ ಒಮ್ಮೆ ಮುಂದೆ, ಒಮ್ಮೆ ಹಿಂದೆ ತಿರುಗುವುದು. ಮುಂದೆ ತಿರುಗುವಾಗ ಗಂಡ ಉಳಿ ತಾಗಿಸಬೇಕು, ಹಿಂದೆ ತಿರುಗುವಾಗ ತೆಗೆಯಬೇಕು.

ಹದಿನೇಳನೆಯ ವಯಸ್ಸಿಗೆ ಕೊಡೇಕಲ್‌ನಿಂದ ಸೊಸೆಯಾಗಿ ಬಂದ ಪಾರ್ವತಿಬಾಯಿ ಕೈಯ ಅರಿಶಿನ ಮಾಸುವ ಮೊದಲೇ ಬಾರು ಹಿಡಿದಳು. ಅಲ್ಲಿಂದ ನಲವತ್ತಮೂರು ವರ್ಷ. ಗಂಡ ಹೆಂಡತಿ ಎದುರುಬದುರು ಕುಳಿತು ಮಾತಾಡಿದ್ದು, ಜಗಳಾಡಿದ್ದು, ನಾದಿನಿಯ ಮದುವೆ ಗೊತ್ತು ಮಾಡಿದ್ದು, ಮಗನ ಹೆಸರು ಆರಿಸಿದ್ದು ಎಲ್ಲ ಆ ಖರಾದದ ಮುಂದೆಯೇ. ಸಿಟ್ಟು ಬಂದ ದಿನ ಅವಳು ಬಾರನ್ನು ಜೋರಾಗಿ ಜಗ್ಗುವಳು. ಆ ದಿನ ಲಟ್ಟಣಿಗೆಗಳು ನಾಲ್ಕು ಹೆಚ್ಚಿಗೆ ಆಗುತ್ತಿದ್ದವು. ಹೆಂಡತಿಯ ಸಿಟ್ಟಿನಿಂದ ಲಾಭ ಮಾಡಿಕೊಂಡ ಗಂಡಸು ಸುರಪುರದಲ್ಲಿ ಪಂಪಣ್ಣ ಒಬ್ಬನೇ ಇರಬೇಕು.

ಅವನ ಹೆಸರು ಊರು ದಾಟಿ ಹೋದದ್ದು ಮಾತ್ರ ಗಂಟಿನ ಬಟ್ಟಲುಗಳಿಂದ. ಬೇವು, ಹುಣಸೆ ಮರಗಳು ಮುದಿಯಾದಾಗ ಬೊಡ್ಡೆಗೆ ದಪ್ಪ ಗಂಟು ಕಟ್ಟುತ್ತದೆ. ಉಳಿದವರು ಅದನ್ನು ಒಲೆಗೆ ಹಾಕುತ್ತಾರೆ. ಪಂಪಣ್ಣ ಅದರಲ್ಲಿ ಬಟ್ಟಲು ತೆಗೆಯುತ್ತಿದ್ದ. ಗಂಟಿನ ಒಳಗೆ ಕಟ್ಟಿಗೆಯ ಎಳೆಗೆ ದಿಕ್ಕು ದೆಸೆ ಇರುವುದಿಲ್ಲ, ಸುರುಳಿ ಸುರುಳಿಯಾಗಿ ಕಣ್ಣುಗಳು ಎದ್ದಿರುತ್ತವೆ. ನೋಡಲು ಅದೇ ಚೆಂದ, ಉಳಿಗೆ ಅದೇ ಕಷ್ಟ. ಗೋಡೆ ತೆಳುವಾದಷ್ಟೂ ಬೆಲೆ ಹೆಚ್ಚು, ಒಂದು ಸುತ್ತು ಹೆಚ್ಚು ಕೆತ್ತಿದರೆ ಚೂರು. ಪಂಪಣ್ಣನ ಬಟ್ಟಲುಗಳು ಬಿಸಿಲಿಗೆ ಹಿಡಿದರೆ ಕೆಂಪಗೆ ಬೆಳಕು ಬಿಡುವಷ್ಟು ತೆಳುವಾಗಿರುತ್ತಿದ್ದವು. ಪಕ್ಕದ ಮನೆಯ ಹಜರಾಬೀ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ, “ಪಂಪಣ್ಣನ ಕೈ ಅಂದ್ರ ಕೈ. ಅಂಥಾ ಕೈ ಖುದಾ ಎಲ್ಲಾರಿಗಿ ಕೊಡಂಗಿಲ್ಲ.”

ನಾಲ್ಕು ವರ್ಷದ ಹಿಂದೆ ಪಾರ್ವತಿಬಾಯಿಯ ರಟ್ಟೆ ಹಿಡಿದುಕೊಂಡಿತು. ತಲೆ ಬಾಚಿಕೊಳ್ಳಲೂ ಕೈ ಮೇಲೇಳದು. ಚೇತನಕುಮಾರನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಮೋಟರು ರಿಪೇರಿ ಅಂಗಡಿ. ಒಂದು ಭಾನುವಾರ ಮೋಟರು ತಂದು ಖರಾದಕ್ಕೆ ಜೋಡಿಸಿಯೇ ಬಿಟ್ಟ.

“ಯವ್ವಾ, ಇನ್ನ ಮ್ಯಾಲ ನೀ ಬಾರು ಮುಟ್ಟೂದು ಬ್ಯಾಡ. ರಾಣಿಗತೆ ಕೂಡು.”

“ಎಲ್ಲಿ ಕೂಡ್ಲಿ?”

ಇಂಥ ಪ್ರಶ್ನೆ ಬರುತ್ತದೆಂದು ಅವನು ಎಣಿಸಿರಲಿಲ್ಲ. “ಎಲ್ಲೆರ ಕೂಡು,” ಎಂದ.

ರಾಣಿಯಾದವಳು ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಕೆಲವು ತಿಂಗಳಲ್ಲಿ ರಟ್ಟೆಯ ನೋವೂ ಕಡಿಮೆಯಾಯಿತು, ಆದರೆ ಅದನ್ನು ಯಾರೂ ಕೇಳಲಿಲ್ಲ. ಅಡುಗೆಮನೆಗೂ ಖರಾದದ ಶೆಡ್ಡಿಗೂ ನಡುವೆ ಒಂದೇ ಗೋಡೆ. ಗೋಡೆಯಾಚೆ ಮೋಟರು ಗುಂಯ್ ಎನ್ನುವಾಗ ಅವಳಿಗೆ ತನ್ನ ಜಾಗದಲ್ಲಿ ಬೇರೊಬ್ಬಳು ಬಂದು ಕುಳಿತ ಹಾಗೆ ಆಗುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದರೆ ಮಂದಿ ನಗುತ್ತಾರೆ ಎಂದು ಹೇಳುತ್ತಿರಲಿಲ್ಲ.

ಈ ವರ್ಷ ಸಂಕ್ರಾಂತಿ ಮುಗಿದ ವಾರ ಯಶೋಧರಾ ಬಂದಳು. ಮುದನಾಳದವಳು, ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಜೊತೆಗೆ ತಂದಿದ್ದ ಟಂಟಂ ಗಾಡಿಯಲ್ಲಿ ಕೊಪ್ಪರಿಗೆಯಷ್ಟು ದೊಡ್ಡ ಬೇವಿನ ಗಂಟು.

“ಕಾಕಾ, ನಮ್ಮಪ್ಪನ ಹೊಲದ ಬದುವಿನ ಮರ ಗಾಳಿಗಿ ಬಿತ್ರಿ. ಅಪ್ಪ ಬುತ್ತಿ ಉಣ್ಣಾಕ ಕುಂತ್ರ ಈ ಗಂಟಿಗೇ ಬೆನ್ನ ಹಚ್ಚಿ ಕೂಡ್ತಿದ್ದ. ಅಪ್ಪ ಹೋದ ವರ್ಷ ಹೋದ, ಈ ವರ್ಷ ಮರ ಹೋತು. ನಾವು ಮೂರ ಮಂದಿ ಮಕ್ಕಳು. ನನಗ, ನಮ್ಮ ಅಣ್ಣಗ, ತಂಗಿಗ ಒಂದೊಂದು ಬಟ್ಟಲಾ ಆಗಬೇಕು. ಬುದ್ಧ ಪೂರ್ಣಿಮಾಕ್ಕ ಎಲ್ಲಾರೂ ಮುದನಾಳದಾಗ ಕೂಡ್ತೀವಿ. ಮೂರೂ ಬಟ್ಟಲದಾಗ ನೀರು ಹೂವಾ ಹಾಕಿ ಬುದ್ಧನ ಮುಂದ ಇಡಬೇಕಂತ ಆಸಿ ಅದ.”

ನಾಲ್ಕು ವರ್ಷದಿಂದ ಯಾರೂ ಗಂಟಿನ ಬಟ್ಟಲು ಕೇಳಿರಲಿಲ್ಲ. ಪಂಪಣ್ಣನ ಮುಖ ಮದುಮಗನ ಮುಖದಂತೆ ಆಯಿತು. “ಆಗ್ತದ್ರಿ ಬಾಯಿ, ಯಾಕಾಗಂಗಿಲ್ಲ,” ಎಂದ.

ಮಲ್ಕಪ್ಪನ ಕಟ್ಟಿಗೆ ಕೊಯ್ಯುವ ಅಡ್ಡೆಯಲ್ಲಿ ಗಂಟು ಸೀಳಿಸಿದಾಗ ಐದು ತುಂಡು ಸಿಕ್ಕವು. ಮೊದಲ ಸುತ್ತಿನಲ್ಲಿ ಬಟ್ಟಲನ್ನು ಅಂಗೈ ದಪ್ಪ ಬಿಟ್ಟು ಒರಟಾಗಿ ಕೆತ್ತಿ ಒಣಗಲು ಬಿಡಬೇಕು. ಬಿಸಿಲಿಗಿಟ್ಟರೆ ಸೀಳುತ್ತದೆ. ಅದಕ್ಕೇ ಈ ಮನೆಯಲ್ಲಿ ತೊಗರಿ ಹೊಟ್ಟಿನೊಳಗೆ ಹುಗಿದು ಎರಡು ತಿಂಗಳು ಇಡುವುದು ರೂಢಿ. ಜೋಳದ ಡಬ್ಬಿಯ ಜಾಗಕ್ಕೆ ಹೊಟ್ಟಿನ ಚೀಲ ಬಂತು. ಸೊಸೆ ಗುರುದೇವಿ ಗೊಣಗಿದಳು.

“ಅತ್ತಿ, ಅಡಗಿ ಮನ್ಯಾಗ ಹೊಟ್ಟು ಇಟ್ರ ನಾವು ಉಣ್ಣೂದು ಏನು, ಹೊಟ್ಟಾ?”

“ಎರಡ ತಿಂಗಳು ತಡಕೊ. ಬಸರಿ ಹೆಣಮಗಳಿಗಿ ಜಾಗ ಕೊಟ್ಟೀನಂತ ತಿಳಿ.”

ಎಂಟು ವಾರ ಪಾರ್ವತಿಬಾಯಿ ಸೋಮವಾರಕ್ಕೊಮ್ಮೆ ಹೊಟ್ಟು ಬಗೆದು, ಬಟ್ಟಲುಗಳನ್ನು ಮಗುಚಿ, ಮೂಸಿ ನೋಡಿ ಮತ್ತೆ ಹುಗಿದಳು. ಹಸಿ ಕಟ್ಟಿಗೆಯ ಕಹಿ ವಾಸನೆ ವಾರದಿಂದ ವಾರಕ್ಕೆ ಕಡಿಮೆಯಾಗುತ್ತ ಬಂತು. ಮೋಟರು ಬಂದ ಮೇಲೆ ಅವಳ ಪಾಲಿಗೆ ಉಳಿದದ್ದು ಅಷ್ಟೇ ಕೆಲಸ. ಅದನ್ನು ಅವಳು ಎಷ್ಟು ಆಸೆಯಿಂದ ಮಾಡಿದಳೆಂದರೆ, ನೋಡಿದ ಗುರುದೇವಿಗೆ ಆಮೇಲೆ ಗೊಣಗಲು ಮನಸ್ಸಾಗಲಿಲ್ಲ.

ಯುಗಾದಿಯಾದ ಹದಿನೈದು ದಿನಕ್ಕೆ ಪಂಪಣ್ಣ ಮೊದಲನೆಯ ಬಟ್ಟಲನ್ನು ಖರಾದಕ್ಕೆ ಏರಿಸಿದ. ಹೊರಗೋಡೆ ಸರಿಯಾಯಿತು. ಒಳಗೋಡೆಯೂ ಮುಗಿಯುತ್ತ ಬಂತು. ಇನ್ನೇನು ಒಂದು ಸುತ್ತು ಎನ್ನುವಾಗ ಫಟ್ ಎಂದಿತು. ಎರಡು ಹೋಳು ಎರಡು ಗೋಡೆಗೆ ಬಡಿದವು.

ಮಧ್ಯಾಹ್ನ ಊಟಕ್ಕೆ ಬಂದ ಮಗನ ಮುಂದೆ ಪಂಪಣ್ಣ ಹಾರಾಡಿದ. “ಮೋಟರು ಖರಾಬ್ ಅದ.”

“ಮೋಟರಿಗೇನಾಗ್ಯಾದ? ನಾಕ ವರ್ಷ ಲಟ್ಟಣಿಗಿ ಮಾಡಾಗ ಚಲೋ ಇತ್ತಲ್ಲ?”

“ಲಟ್ಟಣಿಗಿ ಬ್ಯಾರೆ, ಗಂಟು ಬ್ಯಾರೆ. ಹುಚ್ಚು ಹಿಡದಂಗ ತಿರಗತದ ಅದು. ಸ್ಪೀಡ್ ಕಡಿಮಿ ಮಾಡು.”

ಚೇತನಕುಮಾರ ಪುಲ್ಲಿ ಬದಲಿಸಿ ವೇಗ ಅರ್ಧ ಮಾಡಿದ. ವಾರದ ನಂತರ ಎರಡನೆಯ ಬಟ್ಟಲು. ಅದೂ ಅಲ್ಲಿಗೇ ಬಂದು ಒಡೆಯಿತು. ಈ ಸಲ ಒಂದು ಚೂರು ಹಾರಿ ಪಂಪಣ್ಣನ ಹಣೆಗೆ ತಾಗಿ ರಕ್ತ ಬಂತು. ಪಾರ್ವತಿಬಾಯಿ ಅರಿಶಿನ ಒತ್ತುತ್ತಿದ್ದರೆ ಅವನು ಅವಳ ಮುಖ ನೋಡದೆ ಸೂರು ನೋಡುತ್ತ ಕುಳಿತಿದ್ದ.

“ಅಪ್ಪಾ, ಇದು ಮೋಟರಿಂದಲ್ಲ,” ಎಂದ ಮಗ. “ಶಹಾಪುರಕ್ಕ ನಡಿ, ಕಣ್ಣು ತೋರ್ಸೂಣು.”

ಶಹಾಪುರದ ಡಾಕ್ಟರು ಬೋರ್ಡಿನ ಕೊನೆಯ ಸಾಲಿನ ತನಕ ಓದಿಸಿ, ಕಣ್ಣಿನಲ್ಲಿ ಏನೂ ದೋಷವಿಲ್ಲ ಎಂದರು. ಸಂತೋಷಪಡುವ ಸುದ್ದಿ. ಆದರೆ ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ಮಗ ಇಬ್ಬರೂ ಹೆಣ ಹೊತ್ತವರಂತೆ ಕುಳಿತಿದ್ದರು. ಕಣ್ಣು ಸರಿ ಇದ್ದರೆ ಕೆಟ್ಟದ್ದು ಕೈ. ಕೈಗೆ ಕನ್ನಡಕ ಇಲ್ಲ.

ಮನೆಗೆ ಬಂದು ಪಂಪಣ್ಣ ಚಪ್ಪಲಿ ಬಿಡುತ್ತಲೇ ಹೇಳಿದ, “ರೇವಣಸಿದ್ದ ಫಿಲ್ಟರ್ ನೀರಿನ ಅಂಗಡಿಗಿ ನಮ್ಮ ಶೆಡ್ಡು ಕೇಳಾಕತ್ತಾನಲ್ಲ, ಕೊಟ್ಟ ಬಿಡು. ಖರಾದ ಗುಜರಿಗಿ ಹಾಕು. ಉಳದಿದ್ದ ಮೂರು ತುಂಡು ಆ ಬಾಯಿಗಿ ವಾಪಸ್ ಮುಟ್ಟಸು.”

“ಅವ್ರಿಗಿ ಏನಂತ ಹೇಳ್ಲಿ?”

“ಪಂಪಣ್ಣನ ಕೈ ಸತ್ತದ ಅಂತ ಹೇಳು.”

ಪಾರ್ವತಿಬಾಯಿ ಒಳಗಿನಿಂದ ಇದನ್ನು ಕೇಳಿ ಹಿಟ್ಟಿನ ಕೈಯಲ್ಲೇ ನಿಂತಳು. ಅವಳಿಗೆ ಅಳು ಬಂತು. ಖರಾದ ಹೋದರೆ ಅವಳ ಹದಿನೇಳನೆಯ ವಯಸ್ಸಿನಿಂದ ಇವತ್ತಿನ ತನಕದ ಎಲ್ಲವೂ ಅದೇ ಗುಜರಿ ಗಾಡಿ ಹತ್ತಿ ಹೋಗುತ್ತದೆ. ಮೋಟರಿನವಳು ಬಂದು ಕುಳಿತದ್ದನ್ನಾದರೂ ಸಹಿಸಬಹುದಿತ್ತು, ಜಾಗವೇ ಇಲ್ಲವೆಂದರೆ ಹೇಗೆ?

ಆ ಸಂಜೆ ಪುಂಡಿಪಲ್ಯ, ರೊಟ್ಟಿ, ಶೇಂಗಾ ಹಿಂಡಿ. ಪಂಪಣ್ಣ ಅರ್ಧ ರೊಟ್ಟಿ ಮುರಿದು ಹಾಗೇ ಬಿಟ್ಟಿದ್ದ. ಗುರುದೇವಿ ನೀರು ಇಡುತ್ತ ಮಾತು ತೆಗೆದಳು.

“ಮಾವಾರ, ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ.”

“ಹಿಂಗ ಶುರು ಆದ್ರ ಸಿಟ್ಟು ಬರೂ ಮಾತೇ ಇರ್ತದ. ಹೇಳು.”

“ಎರಡೂ ಸಲ ಬಟ್ಟಲಾ ಒಡ್ಯೂಕಿಂತ ಮೊದ್ಲ ಅತ್ತಿ ‘ಸಾಕು’ ಅಂದಾರ್ರಿ. ನಾ ಬಾಜೂಕೇ ಕುಂತು ರೊಟ್ಟಿ ಬೇಯ್ಸಾಕತ್ತಿದ್ದೆ. ಮೊದಲ್ನೇ ಸಲ ಹಿಟ್ಟು ಸಾಕು ಅಂದಾರ ಅಂತ ತಿಳದೆ. ಎರಡ್ನೇ ಸಲ ರೊಟ್ಟಿ ಬಡ್ಯೂದು ನಿಂದರಿಸಿ, ಗೋಡಿ ಕಡಿ ಮಾರಿ ಮಾಡಿ ‘ಸಾಕ್ರಿ, ಸಾಕು’ ಅಂದ್ರು. ಅಂದು ಇನ್ನ ಬಾಯಿ ಮುಚ್ಚಿಲ್ಲ, ಆ ಕಡಿ ಫಟ್ ಅಂತು.”

ಎಲ್ಲರೂ ಪಾರ್ವತಿಬಾಯಿಯನ್ನು ನೋಡಿದರು. ಕಳ್ಳತನ ಮಾಡಿ ಸಿಕ್ಕವಳಂತೆ ಅವಳು ಸೆರಗು ಸರಿ ಮಾಡಿಕೊಂಡಳು.

“ಅದರಾಗೇನದ? ತೆಳ್ಳಗಾದದ್ದು ಕೇಳಸ್ತದಲ್ಲ.”

“ಏನ್ ಕೇಳಸ್ತದ ಯವ್ವಾ?” ಎಂದ ಚೇತನಕುಮಾರ.

“ದಪ್ಪ ಇದ್ದಾಗ ಹೊಟ್ಟಿ ತುಂಬಿದ ಎಮ್ಮಿಗತೆ ಮುಲಗತದ. ಆಮ್ಯಾಲ ಆಮ್ಯಾಲ ದನಿ ಸಣ್ಣದಾಗತದ. ಹಸದ ಕೂಸು ಅಳಾಕ ಬಾಯಿ ತೆಗೀತದಲ್ಲ, ಅಷ್ಟೊತ್ತಿಗಿ ಬಿಟ್ಟ ಬಿಡಬೇಕು. ಅತ್ತ ಮ್ಯಾಲ ಉಪಯೋಗಿಲ್ಲ. ನಾ ಆವಾಗ ಬಾರು ಬಿಡ್ತಿದ್ದೆ. ಅವರು ಉಳಿ ಕೆಳಗ ಇಡ್ತಿದ್ರು.”

ಅವಳು ಇದನ್ನು ಅನ್ನ ಬೆಂದದ್ದು ಹೇಗೆ ತಿಳಿಯುತ್ತದೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು. ಚೇತನಕುಮಾರನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಬಾರು ನಿಂತ ಮೇಲೆ ಕಟ್ಟಿಗೆ ತಿರುಗುವುದಿಲ್ಲ, ಕಟ್ಟಿಗೆ ತಿರುಗದಿದ್ದರೆ ಉಳಿಗೆ ಕೆಲಸವಿಲ್ಲ. ಹಾಗಾದರೆ ನಲವತ್ತಮೂರು ವರ್ಷ ಬಟ್ಟಲು ಮುಗಿಯಿತೆಂದು ತೀರ್ಮಾನ ಮಾಡಿದ್ದು ಎದುರಿಗೆ ಕುಳಿತವಳು. ಅವನು ತಾಯಿಯ ರಟ್ಟೆ ಉಳಿಸಲು ಹೋಗಿ, ಅವಳ ಕಿವಿಯನ್ನೂ ಶೆಡ್ಡಿನಿಂದ ಹೊರಗೆ ಹಾಕಿದ್ದ. ಒಳಗೆ ಟೊಳ್ಳಿಲ್ಲದ ಲಟ್ಟಣಿಗೆ, ಮಂಚದ ಕಾಲುಗಳಿಗೆ ಕಿವಿ ಬೇಕಿರಲಿಲ್ಲ, ಅದಕ್ಕೇ ನಾಲ್ಕು ವರ್ಷ ಯಾರಿಗೂ ತಿಳಿಯಲಿಲ್ಲ.

“ಅಪ್ಪಾ, ಸ್ವಿಚ್ಚು ವೈರು ಉದ್ದ ಮಾಡಿ ಅವ್ವನ ಕೈಯಾಗ ಕೊಡ್ತೀನಿ. ಅಕಿ ಬಂದ್ ಮಾಡ್ಲಿ,” ಎಂದ.

ಪಂಪಣ್ಣ ತಟ್ಟೆ ಸರಿಸಿದ. “ಬಾರು ಜಗ್ಗೂದೂ ಒಂದು ವಿದ್ಯಾ ಏನಲೇ? ಗಾಣಾ ಎತ್ತು ತಿರಗಸ್ತದ. ಅದಕ್ಕ ಎಣ್ಣಿ ಎತ್ತಿಂದು ಅಂತಾರೇನು?”

ಪಾರ್ವತಿಬಾಯಿ ಎದ್ದು ನಿಂತಳು.

“ಹಂಗಾದ್ರ ಸಂತ್ಯಾಗಿಂದ ಇನ್ನೊಂದು ಎತ್ತು ಹಿಡಕೊಂಡು ಬರ್ರಿ. ಈ ಎತ್ತಿಗಿ ವಯಸ್ಸಾಗ್ಯಾದ.”

ನಾಲ್ಕು ದಿನ ಇಬ್ಬರೂ ಮಾತು ಬಿಟ್ಟರು. ಗುರುದೇವಿ ಅಂಚೆ ಕಚೇರಿಯಾದಳು. “ನಿಮ್ಮ ಮಾವಗ ಚಹಾ ಬೇಕೇನ ಕೇಳು.” “ನಿಮ್ಮತ್ತಿಗಿ ಬ್ಯಾಡ ಅಂತ ಹೇಳು.” ಇಬ್ಬರೂ ಕುಳಿತಿರುವುದು ಒಂದೇ ಪಡಸಾಲೆಯಲ್ಲಿ. ಐದನೆಯ ದಿನ ಅವಳೂ ಬೇಸತ್ತು, “ನಾ ಒಬ್ಬಾಕಿ ಎಷ್ಟ ತಿರಗಾಡ್ಲಿ? ನನಗೂ ಒಂದು ಮೋಟರು ಹಚ್ರಿ,” ಎಂದಳು.

ಪೂರ್ಣಿಮೆಗೆ ಹನ್ನೆರಡು ದಿನ ಉಳಿದಿತ್ತು. ಆ ಬೆಳಿಗ್ಗೆ ಪಂಪಣ್ಣ ಮುಖ ತೊಳೆದು, ಯಾರ ಮುಖವನ್ನೂ ನೋಡದೆ, ತೊಲೆಗೆ ಹೇಳುವವನಂತೆ ಹೇಳಿದ, “ಸ್ವಿಚ್ಚಿನ ಹತ್ರ ಒಬ್ಬರು ಬೇಕಾಗ್ತದ.”

ಇದು ಕರೆಯುವ ರೀತಿಯಲ್ಲ. ಪಾರ್ವತಿಬಾಯಿ ಕೂತಲ್ಲಿಂದ ಏಳದಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಆದರೆ ಎಂಟು ವಾರ ಮೂಸಿ ಮಗುಚಿದ ಬಟ್ಟಲುಗಳು ಹೊಟ್ಟಿನಲ್ಲಿ ಕಾಯುತ್ತಿದ್ದವು, ಯಾರದೋ ಅಪ್ಪ ಬೆನ್ನು ಹಚ್ಚಿ ಕುಳಿತ ಕಟ್ಟಿಗೆ ಅದು. ಅವಳು ಎದ್ದು ಹೋದಳು. ಎತ್ತು ಎಂದ ಮಾತನ್ನು ಸೆರಗಿನ ತುದಿಗೆ ಕಟ್ಟಿಕೊಂಡೇ ಹೋದಳು.

ಶೆಡ್ಡಿನಲ್ಲಿ ಅವಳ ಮಣೆ ಅಲ್ಲೇ ಇತ್ತು, ಅದರ ಮೇಲೆ ನಾಲ್ಕು ವರ್ಷದ ಕಟ್ಟಿಗೆ ಹೊಟ್ಟು. ಕೊಡವಿ ಕುಳಿತಳು. ಎದುರಿಗೆ ಗಂಡನ ಮುಖ, ನಡುವೆ ತಿರುಗುವ ಕಟ್ಟಿಗೆ. ಕೈಯಲ್ಲಿ ಬಾರು ಇಲ್ಲ, ಮಗ ವೈರು ಉದ್ದ ಮಾಡಿ ಕೊಟ್ಟ ಬಿಳಿಯ ಸ್ವಿಚ್ಚು. ಮೋಟರು ಶುರುವಾಯಿತು. ಬೇವಿನ ಸಿಪ್ಪೆ ಸುರುಳಿಯಾಗಿ ಎದ್ದು ಅವಳ ಮಡಿಲಿಗೆ ಬೀಳತೊಡಗಿತು. ಆ ಕಹಿ ವಾಸನೆಗೆ ಅತ್ತೆ, ನಾದಿನಿ, ಹೊಸ ಸೀರೆ, ಗುಂಡುಕಲ್ಲಿನ ಗುಡ್ಡದ ಮೇಲಿಂದ ಬರುತ್ತಿದ್ದ ಬಿಸಿ ಗಾಳಿ, ಬಾರು ತಿಕ್ಕಿ ಬೊಬ್ಬೆ ಎದ್ದ ಎಳೆಯ ಅಂಗೈಗೆ ಪಂಪಣ್ಣ ಯಾರಿಗೂ ಕಾಣದಂತೆ ಬೆಣ್ಣೆ ಹಚ್ಚಿದ್ದು, ಎಲ್ಲ ನೆನಪಾಯಿತು. ಬೆಣ್ಣೆ ಹಚ್ಚಿದವನೇ ಎತ್ತು ಎಂದಿದ್ದ. ಅವಳು ಕಣ್ಣು ಮುಚ್ಚಿ ಕಿವಿಗೊಟ್ಟಳು.

ಪಂಪಣ್ಣ ಒಳಗೋಡೆಗೆ ಉಳಿ ಕೊಟ್ಟ. ಒಂದು ಸುತ್ತು, ಎರಡು ಸುತ್ತು, ಐದು ಸುತ್ತು. ಟಕ್ ಎಂದು ಮೋಟರು ನಿಂತಿತು.

“ಇನ್ನೊಂದು ಸುತ್ತು ಇತ್ತು,” ಎಂದ.

ಅವಳು ಸ್ವಿಚ್ಚು ಹಾಕಲಿಲ್ಲ. ಪಂಪಣ್ಣ ಬಟ್ಟಲನ್ನು ಬಿಡಿಸಿ ಬಾಗಿಲ ಬಿಸಿಲಿಗೆ ಹಿಡಿದ. ಕೆಂಪಗೆ ಬೆಳಕು ಬಂತು. “ಸ್ವಿಚ್ಚು ಟೈಮಿಗಿ ಬಂದ್ ಆತು,” ಎಂದಷ್ಟೇ ಹೇಳಿ ಎರಡನೆಯದನ್ನು ಏರಿಸಿದ. ಹೊಗಳಿಕೆ ಸ್ವಿಚ್ಚಿನ ಪಾಲಿಗೆ ಹೋಯಿತು.

ಒಂಬತ್ತು ದಿನದಲ್ಲಿ ಮೂರೂ ಬಟ್ಟಲು ಆದವು. ಗುರುದೇವಿ ಮರಳು ಕಾಗದ ಹಚ್ಚಿ ನಯ ಮಾಡಿ, ಕುಸುಬಿ ಎಣ್ಣೆ ಒರೆಸಿ, ಅದೇ ಕಟ್ಟಿಗೆಯ ಸಿಪ್ಪೆ ಹಿಡಿದು ತಿಕ್ಕಿ ಹೊಳಪು ತಂದಳು. ಗಾಣದ ಎಣ್ಣೆ ಖಾಲಿಯಾಗಿ ಮೂರು ದಿನ ಪಲ್ಯಕ್ಕೆ ಒಗ್ಗರಣೆ ಇಲ್ಲ, ಚೇತನಕುಮಾರ ಬಾಯಿ ಮುಚ್ಚಿಕೊಂಡು ಉಂಡ. ರೇವಣಸಿದ್ದ ಶೆಡ್ಡು ಅಳೆಯಲು ಟೇಪು ತಂದವನು ಮೋಟರಿನ ಸದ್ದು ಕೇಳಿ ಬಾಗಿಲಿನಿಂದಲೇ ತಿರುಗಿ ಹೋದ.

ಪೂರ್ಣಿಮೆಯ ಮುನ್ನಾದಿನ ಯಶೋಧರಾ ಬಂದಳು. ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ, ಬೆರಳಿನಿಂದ ಸುರುಳಿಗಳ ಮೇಲೆ ಸವರಿದಳು. ಮೂರನೆಯದನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಬಗ್ಗಿ ಪಂಪಣ್ಣನ ಕಾಲು ಮುಟ್ಟಿದಳು.

“ಕಾಕಾ, ಮಂದಿ ಅಂದದ್ದು ಖರೇ ಅದ. ಎಂಥಾ ಕೈ ನಿಮ್ದು!”

ಪಾರ್ವತಿಬಾಯಿ ಚಹಾದ ತಟ್ಟೆ ಹಿಡಿದು ಹೊಸ್ತಿಲಲ್ಲಿ ಬಂದು ನಿಂತಿದ್ದಳು. ನಲವತ್ತಮೂರು ವರ್ಷ ಈ ಮಾತು ಬಂದಾಗಲೆಲ್ಲ ಅವಳು ಹೀಗೇ ಚಹಾ ಹಿಡಿದು ನಿಂತಿದ್ದಳು, ಹೊಟ್ಟೆ ತುಂಬ ಸಂತೋಷಪಟ್ಟಿದ್ದಳು. ಇವತ್ತು ಸಂತೋಷವಾಗಲಿಲ್ಲ. ತಟ್ಟೆ ಇಟ್ಟು ಒಳಗೆ ಹೋಗಲು ತಿರುಗಿದಳು.

“ಕೈ ಅಲ್ರಿ,” ಎಂದ ಪಂಪಣ್ಣ. ದನಿ ಎಷ್ಟು ಸಣ್ಣದಿತ್ತೆಂದರೆ ಯಶೋಧರಾ ಮುಂದೆ ಬಗ್ಗಬೇಕಾಯಿತು. “ಇಕಿ ಕಿವಿ ಅದು. ನನಗ ಮೊದಲಿಂದ ಗೊತ್ತಿತ್ತು. ಚೇತನ್ಯಾ ಹುಟ್ಟೂ ಮುಂದ ಇಕಿ ಬಾಣಂತನಕ್ಕ ಕೊಡೇಕಲ್ಲಿಗಿ ಹೋದ್ಲು. ಐದು ತಿಂಗಳು. ನನ್ನ ತಮ್ಮ ಬಾರು ಜಗ್ಗಿದ. ಏಳು ಗಂಟಿನ ಬಟ್ಟಲಾ ಹಿಡದೆ, ಏಳೂ ಒಡದ್ವು. ಒಲಿಗಿ ಹಾಕಿ ಸುಟ್ಟೆ. ಇಕಿ ಬಂದು ಕೇಳಿದ್ರ ಗಂಟಾ ಸಿಗಲಿಲ್ಲ ಅಂತ ಸುಳ್ಳ ಹೇಳಿದೆ. ಇವತ್ತಿನ ತನಕಾ ಯಾರ ಮುಂದೂ ಹೇಳಿಲ್ಲ. ಈಗ ಎರಡು ಒಡದಾಗನೂ ಗೊತ್ತಿತ್ತು. ಖರಾದ ಗುಜರಿಗಿ ಹಾಕಾಕ ತಯಾರಾದೆ, ಇದೊಂದು ಮಾತು ಹೇಳಾಕ ಆಗಲಿಲ್ಲ.”

ಪಾರ್ವತಿಬಾಯಿಗೆ ಆ ವರ್ಷ ನೆನಪಿತ್ತು. ಕೂಸು ಕಟ್ಟಿಕೊಂಡು ಬಂದವಳು, ಐದು ತಿಂಗಳು ಸೋಮಾರಿಯಾಗಿ ಕುಳಿತಿದ್ದಿ ಎಂದು ಅವನನ್ನು ಬಾಯಿಗೆ ಬಂದಂತೆ ಬೈದಿದ್ದಳು. ಅವನು ಬೈಸಿಕೊಂಡಿದ್ದ, ಬಾಯಿ ಬಿಟ್ಟಿರಲಿಲ್ಲ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ತಿರುಗಿ ನಿಂತಳು.

“ಏನಂದ್ರಿ? ಕೇಳಸ್ಲಿಲ್ಲ.”

ಗೋಡೆಯಾಚೆ ಮೋಟರಿನ ಸದ್ದಿನೊಳಗೆ ಬಟ್ಟಲು ತೆಳುವಾದದ್ದು ಕೇಳಿಸಿದವಳಿಗೆ, ಮೂರು ಮೊಳ ದೂರದ ಗಂಡನ ಮಾತು ಕೇಳಿಸಲಿಲ್ಲವಂತೆ. ಪಂಪಣ್ಣ ಅವಳ ಮುಖ ನೋಡಿದ. ಈ ವರ್ಷದಲ್ಲಿ ಮೊದಲ ಸಲ ನೇರವಾಗಿ ನೋಡಿದ. ಕೆಮ್ಮಿ ಗಂಟಲು ಸರಿ ಮಾಡಿಕೊಂಡು ಮತ್ತೆ ಹೇಳಿದ, ಒಂದು ಮಾತೂ ಬಿಡದೆ, ಏಳು ಬಟ್ಟಲುಗಳನ್ನೂ ಎಣಿಸಿ. ಈ ಸಲ ದನಿ ಬೀದಿಯ ತನಕ ಹೋಯಿತು.

ಹಜರಾಬೀ ತನ್ನ ಬಾಗಿಲು ತೆರೆದು ಓಡಿ ಬಂದಳು. “ಕ್ಯಾ ಹುವಾ? ಯಾಕ ಒದರಾಕತ್ತೀರಿ? ಯಾರಿಗೇನಾತು?”

“ಯಾರಿಗೂ ಏನೂ ಆಗಿಲ್ಲ ಹಜರಾಬೀ, ಬಾ, ಕೂಡು,” ಎಂದು ಪಾರ್ವತಿಬಾಯಿ ಅವಳಿಗೆ ಜಾಗ ಮಾಡಿಕೊಟ್ಟಳು. ಗಂಡನ ಕಡೆ ತಿರುಗಿ, “ಇಕಿಗೂ ಹೇಳ್ರಿ,” ಎಂದಳು.

ಪಂಪಣ್ಣ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಕೊಡೇಕಲ್ಲಿನಿಂದ ಮತ್ತೆ ಶುರು ಮಾಡಿದ.